ಅಜ್ಜಿಯ ಉಬ್ಬುಹಲ್ಲು

ಶಾಲೆ ಅರ್ಧಕ್ಕೆ ಬಿಟ್ಟವಳು ನಾನು, ಅಕ್ಷರ ದುಂಡಗಿಲ್ಲ, ಪದಗಳೂ ಸಾಲವು, ಕ್ಷಮಿಸಬೇಕು. ದೊಡ್ಡವರ ಜೀವನಕಥೆಯ ಸಿನಿಮಾಕ್ಕೆ ನನ್ನಜ್ಜ ಮುರುಗೇಶಪ್ಪನವರ ಜೊತೆ ಹೋಗಲು ಭದ್ರಾವತಿಯಲ್ಲಿ ಯಾರಿಗೂ ಧೈರ್ಯವಿಲ್ಲ. ನಾಯಕ ಪರದೆಗೆ ಬಂದೊಡನೆ ಅಜ್ಜ ಹೆಬ್ಬೆರಳು ಚಾಚಿ, ಒಂದು ಕಣ್ಣು ಮುಚ್ಚಿ, ಅವನ ಮೂಗು ಅಳೆಯುತ್ತಾರೆ. "ಅವರ ಕಿವಿ ಇಷ್ಟಗಲ ಇತ್ತೇನೋ ಮಾರಾಯ?" ಎಂದು ಇಡೀ ಟಾಕೀಸಿಗೆ ಕೇಳುವಂತೆ ಕೂಗುತ್ತಾರೆ. "ಅಜ್ಜ, ಸಿನಿಮಾ ನೋಡೋಕೆ ಬಂದ್ರೋ, ಗಂಡು ನೋಡೋಕೋ?" ಎಂದು ಹಿಂದಿನವರು ಕಿಚಾಯಿಸಿದರೂ ಅಳತೆ ನಿಲ್ಲದು. ಈಗ, ಸೂಲಗಿತ್ತಿಯಾಗಿದ್ದು ತೀರಿಕೊಂಡ ನಮ್ಮಜ್ಜಿ ವೀರಮ್ಮನ ಮೇಲೇ ಸಿನಿಮಾ ಆಗುತ್ತಿದೆ. ಸಾಲುಹಲ್ಲಿನ ನಟಿಯ ಫೋಟೊ ತೋರಿಸಿ ನಿರ್ದೇಶಕರು, "ಮುಖ ಯಾವುದಾದ್ರೇನು ಯಜಮಾನ್ರೇ, ನಟನೆ ಮುಖ್ಯ" ಅಂದರು. "ನಟನೆ ನಿಮ್ಮದು, ಮುಖ ನನ್ನ ಹೆಂಡ್ತೀದು. ಉಬ್ಬುಹಲ್ಲಿಲ್ಲದೆ ಒಪ್ಪಿಗೆ ಪತ್ರಕ್ಕೆ ರುಜು ಹಾಕಲ್ಲ" ಅಂದರು ಅಜ್ಜ. ಆ ಹಲ್ಲಿಗೆ ನಾಚಿ ಅಜ್ಜಿ ಎಲ್ಲ ಫೋಟೊಗಳಲ್ಲೂ ಬಾಯಿಗೆ ಸೆರಗು ಹಿಡಿದಿದ್ದಾರೆ. ಅವರ ನಗು ಉಳಿದಿರುವುದು ಅಜ್ಜನ ನೆನಪಿನಲ್ಲಿ ಮಾತ್ರ. ಸಿನಿಮಾ ಬಂದ ಮೇಲೆ ಊರಿಗೆಲ್ಲ ನಟಿಯ ನಗುವೇ ಅಜ್ಜಿಯ ನಗು. ಅದೇ ಹಲ್ಲು ನನಗೂ ಇದೆ, ನಾನೂ ಬಾಯಿಗೆ ಕೈ ಅಡ್ಡ ಹಿಡಿಯುವವಳೇ. ನಾಳೆ ಶಿವಮೊಗ್ಗಕ್ಕೆ, ವಿದ್ಯಾನಗರದ ನಿರ್ದೇಶಕರ ಆಫೀಸಿಗೆ ಹೋಗಿ, ಕೈ ತೆಗೆದು ನಕ್ಕು ತೋರಿಸುತ್ತೇನೆ.