ಕಾಗೆಗಳಿಗೆ ಚಳಿ ಕಾಯಿಸಿದ ಹಾಲ್ವೋರ್

ನಮ್ಮ ಪಕ್ಕದ ಮನೆಯ ಹಾಲ್ವೋರ್ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು. ನಮ್ಮ ಚಳಿಯೂರು ಟಿನ್ಸೆಟ್‌ನ ರಸ್ತೆಗಳಲ್ಲಿ ಹಿಮ ತಳ್ಳುವ ಲಾರಿ ಓಡಿಸುತ್ತಲೇ ಮುದುಕನಾದ. ನಿವೃತ್ತಿಯಾದ ಮೇಲೆ ಆ ಚಡಪಡಿಕೆಯನ್ನೆಲ್ಲ ಸೌದೆಯ ಮೇಲೆ ತೀರಿಸಿಕೊಂಡ. ಅವನು ಒಟ್ಟಿದ ಬರ್ಚ್ ಸೌದೆಯ ಸಾಲು ನೋಡಿ ಊರಿನ ಗಂಡಸರೆಲ್ಲ ಹೊಟ್ಟೆ ಉರಿದುಕೊಳ್ಳುತ್ತಿದ್ದರು. ಆದರೆ ಆ ಸೌದೆಯ ಹೊಗೆ ಅವನ ಹೆಂಡತಿ ಗುಡ್ನಿಯ ಎದೆಯನ್ನೇ ಹಿಡಿದಿತ್ತು. ಮಲಗಿದರೆ ಉಸಿರು ಸಿಗದು. ಊಟವಾದ ಮೇಲಿನ ಸಣ್ಣ ನಿದ್ದೆಯನ್ನೂ ಪಾಪ, ಕುರ್ಚಿಯಲ್ಲಿ ಕೂತೇ ಮಾಡುತ್ತಿದ್ದಳು. ಇನ್ನು ಒಲೆ ಹಚ್ಚಲೇಬಾರದು ಎಂದರು ಡಾಕ್ಟರು.

ಹಾಗಾಗಿ ಹೀಟ್ ಪಂಪ್ ಬಂತು. ಹೊರಗೋಡೆಗೆ ಫ್ಯಾನಿನ ಪೆಟ್ಟಿಗೆ, ಒಳಗೋಡೆಗೆ ಬಿಸಿಗಾಳಿ ಊದುವ ಇನ್ನೊಂದು.

"ಹೊರಗಿನ ಚಳಿಗಾಳಿಯಿಂದ್ಲೇ ಬಿಸಿ ಹಿಂಡಿ ತೆಗೀತದಂತೆ! ಕಲ್ಲಿಂದ ನಾರು ತೆಗೆಯೋ ಮಾತು," ಎಂದು ಹಾಲ್ವೋರ್ ಗೊಣಗಿದ. ಕಡಿಯಲು ಸೌದೆಯಿಲ್ಲ, ಕೂರಲು ಮನಸ್ಸಿಲ್ಲ. ಹೊರಗೆ ಹೋಗಿ ಪೆಟ್ಟಿಗೆಗೆ ಕಿವಿಗೊಡುವುದು, ಒಳಗೆ ಬಂದು ಗೋಡೆಗೆ ಅಂಗೈ ಒಡ್ಡುವುದು, ಮತ್ತೆ ಹೊರಗೆ. ನೋಡಿ ನೋಡಿ ನನಗೇ ತಲೆ ತಿರುಗುತ್ತಿತ್ತು.

ಜನವರಿಯ ಕರೆಂಟ್ ಬಿಲ್ಲು ಬಂದ ದಿನ ನಾನು ಅವರ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ.

"ನೋಡು ಸಿನ್ನೋವ!" ಎಂದು ಹಾಲ್ವೋರ್ ನನ್ನ ಮುಂದೆ ಬಿಲ್ಲು ಹಿಡಿದ. "ಮಿಷನ್ನಿಗೂ ಸುರಿದೆ, ಕರೆಂಟಿಗೂ ಸುರೀತಿದ್ದೀನಿ. ಮನೆ ಮಾತ್ರ ತಣ್ಣಗೆ! ನಾಳೆನೇ ಇದನ್ನ ಕಿತ್ತು ಬಿಸಾಕಿ ಒಲೆ ಹಚ್ತೀನಿ."

"ಹಚ್ಚು ಮಾರಾಯ," ಎಂದಳು ಗುಡ್ನಿ. "ನಾನು ಹೇಗೋ ಇರ್ತೀನಿ."

ಆ "ಹೇಗೋ" ಕೇಳಿ ನನ್ನ ಮೈಯೆಲ್ಲ ಉರಿಯಿತು. ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆ. ಅಂಗಳದಲ್ಲಿ ತಲೆಯೆತ್ತಿದರೆ ಮಹಡಿಯ ಮಲಗುವ ಕೋಣೆಯ ಕಿಟಕಿ ತೆರೆದಿತ್ತು. ಅದರ ಮೇಲಿನ ಸೂರಿನಲ್ಲಷ್ಟೇ ಹಿಮ ಕರಗಿತ್ತು. ಅಲ್ಲಿ ಎರಡು ಕಾಗೆಗಳು ಪುಕ್ಕ ಉಬ್ಬಿಸಿಕೊಂಡು ಹಾಯಾಗಿ ಕೂತಿದ್ದವು. ಬಿಸಿ ಪೋಲು ಮಾಡುವವರನ್ನು ನಮ್ಮ ಹಿರಿಯರು "ಕಾಗೆಗಳಿಗೆ ಚಳಿ ಕಾಯಿಸ್ತೀಯಾ" ಎಂದು ಬೈಯುತ್ತಿದ್ದರು. ಕಣ್ಣಾರೆ ಕಂಡದ್ದು ಅಂದೇ.

"ಹಾಲ್ವೋರ್! ಆಚೆ ಬಾರೋ!"

ಬಂದು ನೋಡಿದ. ಚಳಿಗಾಲದಲ್ಲೂ ಕಿಟಕಿ ತೆರೆದು ಮಲಗದವರು ನಮ್ಮಲ್ಲಿ ಯಾರಿದ್ದಾರೆ? ಒಲೆಯ ಕಾಲದಲ್ಲಿ ಆ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು, ನಷ್ಟವಿರಲಿಲ್ಲ. ಈಗ ಮಿಷನ್ನಿನ ಬಿಸಿ ಮೇಲೆ ಬರಲೆಂದು ಬಾಗಿಲನ್ನೂ ಹಗಲಿರುಳು ತೆರೆದಿಟ್ಟಿದ್ದ.

"ಮುಚ್ಚೋ ಆ ಕಿಟಕೀನ, ಪೆದ್ದ!"

ಅವನು ಅಲುಗಲಿಲ್ಲ. ದನಿ ತಗ್ಗಿಸಿದ. "ಅವಳಿಗೆ ಗಾಳಿ ಬೇಕು, ಸಿನ್ನೋವ. ಮುಚ್ಚಿ ಮಲಗಿ, ಬೆಳಿಗ್ಗೆ ಅವಳು ಏಳದೇ ಹೋದ್ರೆ?"

ಬೈಯುವುದನ್ನು ಬಿಟ್ಟು ಅವನ ಹತ್ತಿರ ಹೋದೆ. "ಹೊಗೆನೇ ಇಲ್ವಲ್ಲೋ ಈಗ," ಎಂದೆ. "ದಿನಕ್ಕೆರಡು ಸಲ ತೆಗೆದು ಗಾಳಿ ಆಡಿಸು, ಆಮೇಲೆ ಮುಚ್ಚು."

ಮುಚ್ಚಿದ. ಮೊದಲ ಕೆಲವು ರಾತ್ರಿ ಅವಳ ಉಸಿರು ಕೇಳುತ್ತಾ ಎದ್ದೇ ಕೂತಿದ್ದನಂತೆ.

ಮಾರ್ಚಿನ ಒಂದು ದಿನ ಸಿಹಿ ವಾಫೆಲ್ ತಿಂಡಿ ಕೊಡಲು ಹೋದೆ. ಹಾಲ್ವೋರ್ ಕೂತಿದ್ದ. ಕಾಲು ಕುಣಿಸದೆ, ಸುಮ್ಮನೆ.

"ಏನು, ಕೊಟ್ಟ ದುಡ್ಡಿಗೆ ಮೋಸ ಇಲ್ವಾ?" ಎಂದು ಕೆಣಕಿದೆ.

"ಶ್... ಬಿಲ್ಲು ಇಳಿದಿದೆ. ಅಂಗಡಿಯವನು ಬೊಗಳೆ ಬಿಟ್ಟಷ್ಟು ಇಳಿದಿಲ್ಲ," ಎಂದು ಪಿಸುಗುಟ್ಟಿ ಸೋಫಾದ ಕಡೆ ಗದ್ದವೆತ್ತಿ ತೋರಿಸಿದ. "ಆದ್ರೆ ಅಲ್ನೋಡು. ಅಂಗಾತ ಮಲಗಿದ್ದಾಳೆ."