ಫ್ಲಾಪಿಗೆ ಹಚ್ಚಿದ ವಿಭೂತಿ

ಮೊನ್ನೆ ಝಳಕಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತ ಮಿರ್ಚಿ ಭಜಿ ಕಟ್ಟಿಸಿಕೊಂಡೆ. ತಿಂದು ಮುಗಿಸಿ ಕೈ ಒರೆಸಿಕೊಳ್ಳುವಾಗ ಎಣ್ಣೆಯಲ್ಲಿ ತೊಯ್ದ ಆ ಪೇಪರಿನ ಮೇಲೆ ಕಣ್ಣು ಬಿತ್ತು. ಹಳೇ ಸುದ್ದಿ. ಜಪಾನಿನ ಸರಕಾರಿ ಕಚೇರಿಗಳು ಇನ್ನು ಮುಂದೆ ಕಂಪ್ಯೂಟರಿನ ಫ್ಲಾಪಿ ಕೇಳುವುದಿಲ್ಲವಂತೆ. ಇಷ್ಟು ದಿನ ಕೇಳುತ್ತಿದ್ದವೆಂಬುದೇ ನನಗೆ ಗೊತ್ತಿರಲಿಲ್ಲ. ಪಕ್ಕದಲ್ಲೊಂದು ಚಿತ್ರ. ಕರೀ ಚೌಕ ಬಿಲ್ಲೆ, ಅದಕ್ಕೊಂದು ಸಣ್ಣ ತಗಡಿನ ಬಾಗಿಲು. ಆ ಬಾಗಿಲು ನೋಡಿದ್ದೇ ತಡ, ಕೈ ಒರೆಸುವುದು ಅಲ್ಲಿಗೇ ನಿಂತಿತು. ಅದನ್ನು ಬೆರಳಿನಿಂದ ಸರಿಸಿ ನಾನು ಮಾಡಿದ ಘನಂದಾರಿ ಕೆಲಸ ಇಪ್ಪತ್ತೈದು ವರ್ಷವಾದರೂ ಮರೆತಿಲ್ಲ... ಮರೆಯಲೂಬಾರದು.

ನಮಗೆ ಟೈಪಿಂಗ್ ಕಲಿಸುತ್ತಿದ್ದ ಅಕ್ಕಾರ ಕ್ಲಾಸು ಇಂಡಿ ಊರಿನ ಬಜಾರದ ಹಿಂದಿನ ಓಣಿಯಲ್ಲಿತ್ತು. ಅವರ ಮನೆಯ ಮುಂದಿನ ಒಂದೇ ಉದ್ದನೆಯ ಕೋಣೆ, ಆರು ಮಷೀನು, ಅದರಲ್ಲಿ ಎರಡು ಕನ್ನಡದವು. ನಾನು ಡಿಗ್ರಿ ಮುಗಿಸಿ, ಮನೆಯಲ್ಲಿ ಕೂತರೆ ಲಗ್ನ ಮಾಡಿಬಿಡುತ್ತಾರೆಂದು ಹೆದರಿ ಅಲ್ಲಿಗೆ ಸೇರಿದ್ದೆ. ಅಕ್ಕಾರು ಕಣ್ಣು ಮುಚ್ಚಿಕೊಂಡು ಟೈಪ್ ಮಾಡುತ್ತಿದ್ದರು. ಎದುರಿಗೆ ಕೂತವರು ಹೇಳಿ ಮುಗಿಸುವುದರೊಳಗೆ ಹಾಳೆ ಹೊರಗೆ ಬಂದಿರುತ್ತಿತ್ತು. ನಾನು ಅಕ್ಷರ ಹುಡುಕುತ್ತ ತಲೆ ಬಗ್ಗಿಸಿದರೆ ಫೂಟಪಟ್ಟಿಯಿಂದ ಗದ್ದ ಎತ್ತಿ, "ಬೆರಳಿಗೆ ಕಲಿಸು, ಕಣ್ಣಿಗಲ್ಲ" ಅನ್ನುತ್ತಿದ್ದರು.

ಟೈಪಿಂಗಿಗೆ ಬರುವ ಹುಡುಗಿಯರು ಕಡಿಮೆಯಾದಾಗ ಅಕ್ಕಾರು ಬಿಜಾಪುರದಿಂದ ಒಂದು ಹಳೇ ಕಂಪ್ಯೂಟರ್ ತರಿಸಿದರು. ಚಪ್ಪಲಿ ಹೊರಗೆ ಬಿಟ್ಟು, ಕೈ ತೊಳೆದು ಬಂದರೆ ಮಾತ್ರ ಅದನ್ನು ಮುಟ್ಟಬಹುದಿತ್ತು. ಆದರೆ ಅದು ಹೆಚ್ಚು ಓಡಿದ್ದು ಕ್ಲಾಸಿಗಲ್ಲ, ಅವರಪ್ಪನಿಗೆ.

ನಾವೆಲ್ಲ ಅವರಪ್ಪನನ್ನು ಮುತ್ಯಾ ಅನ್ನುತ್ತಿದ್ದೆವು. ಕಣದಲ್ಲಿ ಎತ್ತು ಕಟ್ಟಿ ಜೋಳದ ತೆನೆ ತುಳಿಸುವಾಗ ಹಾಡುವ ಹಂತಿ ಹಾಡಿಗೆ ಸುತ್ತಲ ಹತ್ತು ಹಳ್ಳಿಯಲ್ಲಿ ಮುತ್ಯಾನದೇ ಹೆಸರು. ರಾಶಿ ಮಷೀನು ಬಂತು, ಹಂತಿ ನಿಂತಿತು, ಹಾಡು ಮುತ್ಯಾನ ಹೊಟ್ಟೆಯಲ್ಲೇ ಉಳಿದವು. ಆ ವರ್ಷ ಅವನ ಗಂಟಲಲ್ಲಿ ಗಂಟು ಕಂಡಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ದಸರೆ ಮುಗಿದ ಮರುದಿನ ಬಂದು ಸೇರಿರಿ ಎಂದು ಸೊಲ್ಲಾಪುರದ ಡಾಕ್ಟರು ಹೇಳಿದರು. ಟೇಪ್ ರೆಕಾರ್ಡರ್ ಇಟ್ಟರೆ ಮುತ್ಯಾ ಬಾಯಿ ಬಿಡಲೊಲ್ಲ. "ನಾ ಹ್ವಾದ ಮ್ಯಾಲೂ ನನ್ನ ದನಿ ಮನ್ಯಾಗ ಅಡ್ಡಾಡಬಾರದವ್ವಾ" ಎಂದುಬಿಟ್ಟ. ಹೀಗಾಗಿ ಎರಡು ತಿಂಗಳು ದಿನಾ ಸಂಜೆ ಅವನು ಹಾಡಿದ, ಅಕ್ಕಾರು ಕಂಪ್ಯೂಟರಿನಲ್ಲಿ ಟೈಪ್ ಮಾಡಿದರು. ಅರವತ್ತಕ್ಕೂ ಮಿಕ್ಕಿ ಹಾಡು. ಪ್ರಿಂಟರ್ ಇರಲಿಲ್ಲವಾದ್ದರಿಂದ ಕಾಗದದ ಮೇಲೆ ಒಂದಕ್ಷರವೂ ಇರಲಿಲ್ಲ.

ಅದೇ ಹೊತ್ತಿಗೆ ಪೇಪರಿನಲ್ಲಿ ಎರಡು ಸಾವಿರನೇ ಇಸವಿಯ ಗದ್ದಲ. ಕಂಪ್ಯೂಟರುಗಳು ಇಸವಿಯ ಕೊನೆಯ ಎರಡಂಕಿ ಮಾತ್ರ ನೆನಪಿಟ್ಟುಕೊಂಡಿವೆ, ಜನವರಿ ಒಂದಕ್ಕೆ ಎರಡು ಸೊನ್ನೆ ಬಂದರೆ ನೂರು ವರ್ಷ ಹಿಂದಕ್ಕೆ ಹೋದೆವೆಂದು ತಿಳಿದು ತಲೆ ಕೆಡಿಸಿಕೊಳ್ಳುತ್ತವೆ, ವಿಮಾನ ಬೀಳುತ್ತವೆ, ಕರೆಂಟು ಹೋಗುತ್ತದೆ... ಕರೆಂಟು ಹೋಗಲು ನಮ್ಮೂರಲ್ಲಿ ಜನವರಿ ಯಾಕೆ ಬೇಕು ಎಂದು ನಾವು ನಕ್ಕಿದ್ದೆವು. ಅಕ್ಕಾರು ನಗಲಿಲ್ಲ. ಕಂಪ್ಯೂಟರ್ ಮಾರಿದವನನ್ನೇ ಕರೆಸಿದರು. ಅವನು ಎಲ್ಲಾ ಅಳಿಸಿ ಹೊಸದಾಗಿ ಹಾಕಬೇಕು, ಇದ್ದದ್ದನ್ನು ಫ್ಲಾಪಿಗೆ ತಕ್ಕೋರಿ ಅಂದ. ಹಾಡೆಲ್ಲ ಒಂದೇ ಫ್ಲಾಪಿಯಲ್ಲಿ ಹಿಡಿಸಿದವು. ಇನ್ನೊಂದು ಪ್ರತಿಗೆ ಫ್ಲಾಪಿ ತರಲು ಹೇಳಿಕಳಿಸಿದ್ದರು, ಬಂದಿರಲಿಲ್ಲ. ಅವನು ಕಂಪ್ಯೂಟರಿನೊಳಗೆ ಇದ್ದದ್ದನ್ನೆಲ್ಲ ಅಳಿಸಿ ಹೋದ.

ಮುಂದೆ ನಾಕು ದಿನಕ್ಕೆ ಖಂಡೇ ಪೂಜೆ, ಅಂದರೆ ಆಯುಧ ಪೂಜೆ. ಅಕ್ಕಾರು ಮುತ್ಯಾನ ಕಾಗದಪತ್ರ ಹೊಂದಿಸುವುದರಲ್ಲಿದ್ದರು, ಪೂಜೆ ನನಗೆ ಒಪ್ಪಿಸಿದರು. "ಒಂದು ಸಾಮಾನೂ ಬಿಡಬ್ಯಾಡ. ದುಡಿಯೂದಕ್ಕೆಲ್ಲಾ ವಿಭೂತಿ ಬೀಳಬೇಕು." ನಾನೂ ಜಾಣೆ ನೋಡ್ರಿ, ಒಂದೂ ಬಿಡಲಿಲ್ಲ. ಆರು ಮಷೀನಿಗೆ ಹಚ್ಚಿದೆ, ಕಂಪ್ಯೂಟರಿನ ಹಣೆಗೆ ಹಚ್ಚಿದೆ, ಕತ್ತರಿಗೂ ಹಚ್ಚಿದೆ. ಫ್ಲಾಪಿ ಕೈಗೆತ್ತಿಕೊಂಡಾಗ ಹೊರಗಿನ ಪ್ಲಾಸ್ಟಿಕ್ಕು ಬರೀ ಡಬ್ಬಿ, ದುಡಿಯುವುದು ಒಳಗಿನದಲ್ಲವೇ ಅನಿಸಿತು. ತಗಡಿನ ಬಾಗಿಲು ಸರಿಸಿದೆ. ಒಳಗೆ ಹೊಳೆಯುವ ಕಂದು ಬಣ್ಣದ ತೆಳ್ಳನೆಯ ಹಾಳೆ. ಅಂಗೈಯಲ್ಲಿ ನೀರು ಹಾಕಿ ತಿಕ್ಕಿದ ವಿಭೂತಿಯನ್ನು ಮೂರು ಬೆರಳಿಂದ ಎಳೆದು, ನಡುವೆ ಕುಂಕುಮ ಇಟ್ಟು, ಕೈ ಮುಗಿದೆ. ಮನಸ್ಸಿಟ್ಟು ಮಾಡಿದ ಪೂಜೆ ಅದು, ಸುಳ್ಳು ಹೇಳುವುದಿಲ್ಲ.

ದಸರೆಯ ಮರುದಿನ ಮಧ್ಯಾಹ್ನ ಎರಡಕ್ಕೆ ಸೊಲ್ಲಾಪುರದ ಬಸ್ಸು. ಫ್ಲಾಪಿಯನ್ನು ಅಲ್ಲಿಯ ಪ್ರೆಸ್ಸಿಗೆ ಕೊಡುವುದಿತ್ತು. ಒಯ್ಯುವ ಮುಂಚೆ ಒಮ್ಮೆ ನೋಡೋಣವೆಂದು ಅಕ್ಕಾರು ಮುಂಜಾನೆ ಒಂಬತ್ತಕ್ಕೆ ಅದನ್ನು ಮಷೀನಿಗೆ ಹಾಕಿದರು. ಕರ್ರ್... ಕರ್ರ್... ಉಸುಕು ಅಗಿದಂಥ ಸಪ್ಪಳ. ಪರದೆಯ ಮೇಲೆ ಓದಲು ಬರುತ್ತಿಲ್ಲ, ಬಿಡಲೋ, ಮತ್ತೆ ನೋಡಲೋ ಎಂಬ ಇಂಗ್ಲಿಷ್ ಸಾಲು. ಮತ್ತೆ ನೋಡು ಎಂದು ಒತ್ತಿದರು. ಮತ್ತೆ ಕರ್ರ್. ಎಷ್ಟು ಸಲ ಒತ್ತಿದರೋ. ಕೊನೆಗೆ ಫ್ಲಾಪಿ ಹೊರಗೆ ತೆಗೆದು ಬಾಗಿಲು ಸರಿಸಿದರು. ಒಣಗಿದ ಬೂದಿ ಉದುರಿತು, ಕುಂಕುಮ ಸುತ್ತಲೂ ಬಳಿದುಕೊಂಡಿತ್ತು.

ಅಕ್ಕಾರು ಅರಿವೆಯಿಂದ ಒರೆಸಿದರು, ಒರೆಸಿದಷ್ಟೂ ಗೀರು ಬಿದ್ದವು. ಎಸ್.ಟಿ.ಡಿ. ಬೂತಿಗೆ ಓಡಿ ಕಂಪ್ಯೂಟರ್ ಮಾರಿದವನಿಗೆ ಫೋನು ಮಾಡಿ ಬಂದರು. ಅವರ ಮುಖ ನೋಡಿಯೇ ಅವನೇನು ಹೇಳಿದನೆಂದು ತಿಳಿಯಿತು. "ನಾನಽ ಹಚ್ಚೇನ್ರಿ ಅಕ್ಕಾರ" ಅಂದೆ. ಬೈಯಲಿ, ಕಪಾಳಕ್ಕೆ ಒಂದು ಕೊಡಲಿ ಎಂದು ಕಾದು ನಿಂತೆ. ಅವರು, "ಒಂದೂ ಬಿಡಬ್ಯಾಡ ಅಂತ ಹೇಳಿದಾಕಿ ನಾನಽ ಅಲ್ಲೇನು" ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆಗ ಹನ್ನೊಂದು ಗಂಟೆ. ಮುತ್ಯಾ ಒಳಗಿಂದ ಬಂದು ಬಾಗಿಲಲ್ಲಿ ನಿಂತಿದ್ದ. ಮಾತಾಡಲೇಬಾರದೆಂದು ಡಾಕ್ಟರು ಹೇಳಿ ಹದಿನೈದು ದಿನವಾಗಿತ್ತು. ನಮ್ಮಿಬ್ಬರನ್ನೂ ಫ್ಲಾಪಿಯನ್ನೂ ನೋಡಿದ. ಬಂದು ಕುರ್ಚಿಯಲ್ಲಿ ಕೂತು, ಒಂದು ಗುಟುಕು ನೀರು ಕುಡಿದು, ಹಾಡಲು ಶುರು ಮಾಡಿದ. "ಬ್ಯಾಡೋ ಅಪ್ಪಾ" ಎಂದು ಅಕ್ಕಾರು ಕೈ ಹಿಡಿದರು. ಅವನು ಕೈ ಬಿಡಿಸಿಕೊಂಡು ಕಂಪ್ಯೂಟರ್ ತೋರಿಸಿದ.

ಮೊದಲನೆಯ ಹಾಡು ಮುಗಿಯುವುದರೊಳಗೆ ಕರೆಂಟು ಹೋಯಿತು. ಪರದೆ ಕಪ್ಪಾಯಿತು, ಆ ಹಾಡೂ ಹೋಯಿತು. ಅಕ್ಕಾರು ಒಂದು ಗಳಿಗೆಯೂ ನಿಲ್ಲಲಿಲ್ಲ. ಕನ್ನಡದ ಟೈಪ್‌ರೈಟರ್ ಎಳೆದುಕೊಂಡು ಹಾಳೆ ಏರಿಸಿ, "ಹೇಳಪ್ಪಾ" ಅಂದರು. ಮುತ್ಯಾ ಮತ್ತೆ ಮೊದಲಿಂದ ತೆಗೆದ. ಅದು ಹಾಡಲ್ಲ, ಒಡಕು ಉಸಿರು. ಸಾಲಿಗೊಮ್ಮೆ ಕೆಮ್ಮು, ಕೆಮ್ಮಿಗೊಮ್ಮೆ ರಕ್ತದ ಎಳೆ. ಅಕ್ಕಾರ ಕಣ್ಣು ಮುಚ್ಚಿಯೇ ಇತ್ತು, ಬೆರಳು ಮಾತ್ರ ಓಡುತ್ತಿದ್ದವು. ನಾನು ಹಾಳೆ ಬದಲಿಸಿಕೊಡುತ್ತ ಗೋಡೆಯ ಗಡಿಯಾರ ನೋಡುತ್ತಿದ್ದೆ. ಸಾಕು ಅನ್ನಲು ಬಾಯಿ ಬರಲಿಲ್ಲ, ಇನ್ನೊಂದು ಅನ್ನಲೂ ಬಾಯಿ ಬರಲಿಲ್ಲ.

ಏಳು ಹಾಡು ಬಂದವು. ಎಂಟನೆಯದು ಆಕಳು ಮತ್ತು ಎತ್ತಿನ ಹಾಡು. ಕಣ ಸುತ್ತುವ ಮಗನನ್ನು ತಾಯಿ ಆಕಳು ಬೇಲಿಯಾಚೆ ನಿಂತು ಕೇಳುತ್ತದೆ. ಇಷ್ಟು ವರ್ಷ ಸುತ್ತಿದಿಯಲ್ಲೋ ಮಗನೇ, ಎಲ್ಲಿಗೆ ಹೋಗಿ ಮುಟ್ಟಿದಿ? ಅಲ್ಲಿಗೆ ಮುತ್ಯಾನ ದನಿ ಪೂರ್ತಿ ಕಟ್ಟಿತು. ಬಾಯಿ ಅಲುಗುತ್ತಿತ್ತು, ಸಪ್ಪಳವಿಲ್ಲ. ಅಕ್ಕಾರು ಎಷ್ಟೋ ಹೊತ್ತು ಬೆರಳು ಮಷೀನಿನ ಮೇಲಿಟ್ಟುಕೊಂಡು ಕಾದರು. ಆಮೇಲೆ ಎದ್ದು ಅವನಿಗೆ ಚಪ್ಪಲಿ ಹಾಕಿದರು. ಬಸ್ಸಿಗೆ ಹತ್ತು ನಿಮಿಷ ಉಳಿದಿತ್ತು.

ಜನವರಿ ಒಂದು ಬಂತು, ನಮ್ಮಲ್ಲಿ ಏನೂ ಆಗಲಿಲ್ಲ. ಆ ಹಳೇ ಕಂಪ್ಯೂಟರೂ ಸುಮ್ಮನೆ ಹೊಸ ತಾರೀಖು ತೋರಿಸಿತು. ಮುತ್ಯಾ ಮೂರು ವರ್ಷ ಮಾತಿಲ್ಲದೆ ಬದುಕಿ ಹೋದ. ಬರೆಯಲು ಅವನಿಗೆ ಬರುತ್ತಿರಲಿಲ್ಲ. ಅಕ್ಕಾರು ಕ್ಲಾಸು ಮುಚ್ಚಿ ಬಸವನ ಬಾಗೇವಾಡಿಯ ತಂಗಿಯ ಮನೆಗೆ ಹೋದರು, ಹೋದ ವರ್ಷ ತೀರಿಕೊಂಡರು. ಮನೆಯವರನ್ನು ಮಾತಾಡಿಸಲು ಹೋದಾಗ ಅವರ ತಂಗಿ ಒಂದು ರಟ್ಟಿನ ಫೈಲು ಕೊಟ್ಟಳು. ನನಗೇ ಕೊಡಬೇಕೆಂದು ಅಕ್ಕಾರು ಹೇಳಿಟ್ಟಿದ್ದರಂತೆ. ಏಳೂವರೆ ಹಾಡು.

ಮನಗೂಳಿ, ಮುಳವಾಡ, ಸಿಂದಗಿ, ಮುದ್ದೇಬಿಹಾಳ ಎಲ್ಲಾ ಕಡೆ ಹೋದೆ. ಹಂತಿ ಹೊಡೆದ ಮುದುಕರನ್ನು ಹುಡುಕಿ, ಆಕಳಿಗೆ ಎತ್ತು ಏನಂದಿತು ಎಂದು ಕೇಳಿದೆ. ಕೇಳಿದ ನೆನಪೈತಿ ಅನ್ನುತ್ತಾರೆ, ಮುಂದಿನ ಸಾಲು ಯಾರಿಗೂ ಬರುವುದಿಲ್ಲ. ಯಾರಿಗೂ ಹೇಳದ ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ. ಮುತ್ಯಾ ಆ ಹಾಡನ್ನು ಮೊದಲ ಸಲ ಪೂರ್ತಿ ಹಾಡಿದ ಸಂಜೆ ನಾನು ಪಕ್ಕದ ಮಷೀನಿನ ಮುಂದೆಯೇ ಕೂತಿದ್ದೆ. ಪರೀಕ್ಷೆಗೆ ಸ್ಪೀಡು ಸಾಲದೆಂದು ತಲೆ ಬಗ್ಗಿಸಿ ಕುಟ್ಟುತ್ತ, ಈ ಮುದುಕ ಯಾವಾಗ ನಿಲ್ಲಿಸುತ್ತಾನೋ ಎಂದು ಬೈದುಕೊಳ್ಳುತ್ತಿದ್ದೆ. ಎತ್ತಿನ ಉತ್ತರ ನನ್ನ ಕಿವಿಯ ಮೇಲೇ ಬಿದ್ದಿತ್ತು... ನಾನು ಕೇಳಿಸಿಕೊಳ್ಳಲಿಲ್ಲ.