ಕಲ್ಲುಗುಡ್ಡೆಯ ಬುಡದಲ್ಲಿ ತೋಡಿಸಿದ ಗುಂಡಿ

ಗುಂಡಿ ಎಂದರೆ ನಮ್ಮ ಕೆಲಸದಲ್ಲಿ ಆರಡಿ ಉದ್ದ, ಮೂರಡಿ ಅಗಲ. ಆಳ ಐದಡಿ, ಇಲ್ಲವೇ ಬಂಡೆ ಸಿಗುವವರೆಗೆ. ಬಿಸಿಲು ಬೀಳುವ ಕಡೆಯ ಗೋಡೆಯನ್ನು ಚಾಕುವಿನಿಂದ ಕೆರೆದು ಹಸನು ಮಾಡಿ, ಒಳಗಿಳಿದು, ಮೇಲಿನಿಂದ ಕೆಳಕ್ಕೆ ಮಣ್ಣಿನ ಪದರಗಳನ್ನು ಒಂದೊಂದಾಗಿ ನೋಡಿ ಕಾರ್ಡಿನಲ್ಲಿ ಬರೆಯಬೇಕು. ಮಣ್ಣು ಸರ್ವೆಯಲ್ಲಿ ಮೂವತ್ತು ವರ್ಷ ಈ ಕೆಲಸ ಮಾಡಿದೆ. ಎಷ್ಟು ಗುಂಡಿಗೆ ಇಳಿದೆನೋ ನೆನಪಿಲ್ಲ. ಎರಡು ಮಾತ್ರ ಮರೆಯುವುದಿಲ್ಲ. ಒಂದನ್ನು ತೋಡದೆಯೇ ಬರೆದೆ. ಇನ್ನೊಂದನ್ನು ತೋಡಬಾರದ ಜಾಗದಲ್ಲಿ ತೋಡಿಸಿದೆ. ಎರಡೂ ಒಬ್ಬಳೇ ಹೆಂಗಸಿನ ಹೊಲಕ್ಕೆ ಸೇರಿದವು. ಆ ಹೊಲ ಅವಳ ಕೈತಪ್ಪಿದ್ದು ನನ್ನಿಂದ.

ಎಪ್ಪತ್ತರ ದಶಕ. ಎಸ್ಸೆಸ್ಸೆಲ್ಸಿ ಪಾಸಾಗಿ ಮಂಡ್ಯದ ಕಚೇರಿಯೊಂದರಲ್ಲಿ ಹಂಗಾಮಿ ಸಹಾಯಕನಾಗಿ ಸೇರಿದ್ದೆ. ಮಳವಳ್ಳಿ ತಾಲ್ಲೂಕಿನ ಮೂಡಲ ಅಂಚಿನ ಬೆಟ್ಟಗಳಲ್ಲಿ ನಮ್ಮ ಸರ್ವೆ. ಕಾಡಿನ ಇಳಿಜಾರಿನಲ್ಲಿ ಅಲ್ಲಲ್ಲಿ ಜನ ಹಿಂದಿನಿಂದ ಉಳುತ್ತಾ ಬಂದ ತುಂಡು ಹೊಲಗಳಿದ್ದವು, ಕಾಗದಪತ್ರ ಇರಲಿಲ್ಲ. ಯಾವುದನ್ನು ಉಳುವವರಿಗೆ ಬಿಡಬೇಕು, ಯಾವುದನ್ನು ಕಾಡಿಗೆ ಸೇರಿಸಿ ಸಸಿ ನೆಡಬೇಕು ಎಂದು ಮೇಲಿನವರು ತೀರ್ಮಾನಿಸುವವರಿದ್ದರು. ತೀರ್ಮಾನಕ್ಕೆ ಆಧಾರ ನಮ್ಮ ಕಾರ್ಡು. ಮಣ್ಣು ಆಳವಾಗಿದ್ದರೆ ಹೊಲ. ಮೇಲೆ ಗೇಣುದ್ದ ಮಣ್ಣು, ಕೆಳಗೆ ಬರೀ ಗರಸು ಇದ್ದರೆ ಕಾಡು.

ಬೆಟ್ಟದ ಇಳಿಜಾರಿನ ಮಣ್ಣು ಹೆಚ್ಚಾಗಿ ಗರಸೇ. ಕಗ್ಗಲಿ, ದಿಂಡಿಗದ ಬೇರುಗಳ ನಡುವೆ ಬೆರಳುದ್ದದ ಕಪ್ಪು ಮಣ್ಣು, ಅದರ ಕೆಳಗೆ ಕೆಂಪು ಮಣ್ಣಿಗೆ ಬೆಣಚುಕಲ್ಲಿನ ಚೂರು ಸುರಿದು ಕಲೆಸಿದ ಹಾಗೆ. ಹಾರೆ ಹಾಕಿದರೆ ಕಿಡಿ ಹಾರುತ್ತಿತ್ತು. ಪ್ರತಿ ಪದರದಿಂದ ಒಂದು ಬುಟ್ಟಿ ಮಣ್ಣು ತೆಗೆದು ಜರಡಿ ಹಿಡಿದು, ಉಳಿದ ಗರಸನ್ನು ತೂಗಿ, ಮಣ್ಣು ಎಷ್ಟು, ಕಲ್ಲು ಎಷ್ಟು ಎಂದು ಬರೆಯುವುದು. ಬಣ್ಣಕ್ಕೆ ಒಂದು ಪುಸ್ತಕವಿತ್ತು, ಅದರ ಚೀಟಿಗಳ ಪಕ್ಕ ಮಣ್ಣಿನ ಹೆಂಟೆ ಹಿಡಿದು ಹೋಲಿಸಬೇಕು. ಜಿಗುಟು ಎಷ್ಟಿದೆ ಎಂದು ತಿಳಿಯಲು ಮಣ್ಣನ್ನು ನೀರಿನಲ್ಲಿ ನಾದಿ ಹೆಬ್ಬೆರಳಿನಿಂದ ಪಟ್ಟಿಯ ಹಾಗೆ ಒತ್ತಬೇಕು. ನನ್ನ ಜೊತೆಗೆ ಹಾರೆಯವನೊಬ್ಬನಿದ್ದ, ಗುಂಡಿ ತೋಡುವ ಆಳು, ನನ್ನ ವಯಸ್ಸಿನವನೇ. ಸಾಹೇಬರಿದ್ದಾಗ ‘ಸ್ವಾಮಿ’ ಎನ್ನುತ್ತಿದ್ದವನು ಅವರ ಜೀಪು ತಿರುವು ದಾಟಿದ ಕೂಡಲೇ ಏಕವಚನಕ್ಕೆ ಇಳಿಯುತ್ತಿದ್ದ.

“ಏನ್ಲಾ, ಆಗ್ಲಿಂದ ನಾದ್ತಾನೇ ಇದ್ದೀಯ. ಮುದ್ದೆ ಅನ್ಕಂಡ್ಯಾ? ಸೊಪ್ಪಿನ್ ಸಾರು ತರ್ಲಾ?” ಎನ್ನುತ್ತಿದ್ದ.

ಆ ಹೆಂಗಸಿನ ಹೊಲ ನಾವು ಗುಂಡಿ ತೋಡಿದ್ದ ಕೊನೆಯ ಜಾಗದಿಂದ ಮೇಲಕ್ಕೆ ಅರ್ಧ ಗಂಟೆ ಹತ್ತುವ ದಾರಿ. ನಲವತ್ತೈದರ ಆಸುಪಾಸಿನ ವಿಧವೆ, ಒಬ್ಬಳೇ ರಾಗಿ, ಅವರೆ, ಹುಚ್ಚೆಳ್ಳು ಬೆಳೆಯುತ್ತಿದ್ದಳು. ಒಂದು ಶುಕ್ರವಾರ ನಾವು ಕೆಳಗೆ ಗುಂಡಿ ಮುಚ್ಚುತ್ತಿದ್ದಾಗ ಮಜ್ಜಿಗೆಯ ಚೊಂಬು ಹಿಡಿದು ಇಳಿದು ಬಂದಳು.

“ಈ ಗರ್ಸೆಲ್ಲ ಯಾಕ್ ಬಗೀತೀರಪ್ಪ? ನಮ್ಮೊಲಕ್ ಬನ್ನಿ. ಸೊಂಟುದ್ದ ಇಳುದ್ರೂ ಒಂದ್ ಅಳ್ಳುಕಲ್ಲು ಸಿಕ್ಕಾಕಿಲ್ಲ.”

ಹಾರೆಯವನು ನಕ್ಕ. “ಬೆಟ್ಟದ್ ಮೇಲೆ ಅಳ್ಳಿಲ್ದೆ ಇರ್ತದಾ? ಎಲ್ ಓಯ್ತು, ಕಾಲ್ ಬಂದ್ ಇಳ್ದೋಯ್ತಾ?”

“ನಮ್ಮತ್ತೆ ಆಯ್ದವ್ಳೆ, ನಾನ್ ಆಯ್ದಿವ್ನಿ. ಮದ್ವೆಯಾಗ್ ಬಂದ್ ದಿವ್ಸದಿಂದ ಮಡ್ಲಲ್ ಕಟ್ಕಂಡ್ ಒತ್ತಿವ್ನಿ. ಅಕಾ, ನೋಡು.”

ಅವಳು ಕೈ ತೋರಿದ ಕಡೆ ನೋಡಿದೆ. ಹೊಲದ ಅಂಚಿನುದ್ದಕ್ಕೂ ಆಳೆತ್ತರದ ಕಲ್ಲುಗುಡ್ಡೆಗಳು ಬೆಳ್ಳಗೆ ಕಾಣುತ್ತಿದ್ದವು. ನಾನೂ ಒಕ್ಕಲು ಮನೆಯವನು. ಹೊಲದ ಅಂಚಿನಲ್ಲಿ ಕಲ್ಲುಗುಡ್ಡೆ ಇದ್ದರೆ ಒಳಗಿನ ಮಣ್ಣು ಹಸನಾಗಿದೆ ಎಂದು ಅರ್ಥ. ಇದು ನನಗೆ ಯಾವ ಪುಸ್ತಕವೂ ಕಲಿಸಬೇಕಾಗಿರಲಿಲ್ಲ.

“ನಾಳೆ ಬತ್ತೀವಿ ಕಣಮ್ಮ” ಎಂದೆ. ಮಜ್ಜಿಗೆ ಪೂರ್ತಿ ಕುಡಿದೆ.

ಮಾರನೆಯ ದಿನ ಹೋಗಲಿಲ್ಲ. ಭಾನುವಾರ ಮದ್ದೂರಿನ ಹತ್ತಿರ ವೈದ್ಯನಾಥಪುರಕ್ಕೆ ಹೆಣ್ಣು ನೋಡಲು ಹೋಗುವುದಿತ್ತು. ಗರಸು ಬಗೆದು ಬಗೆದು ಅಂಗೈ ಒಡೆದು, ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ಹುಡುಗಿಯ ಮುಂದೆ ಆ ಕೈಯಲ್ಲಿ ಕಾಫಿ ಲೋಟ ಹಿಡಿಯಲು ನಾಚಿಕೆ. ಶನಿವಾರ ಬೆಳಿಗ್ಗೆಯೇ ಸೋಪು ಹಚ್ಚಿ, ಹುಣಿಸೆಹಣ್ಣು ಹಚ್ಚಿ ಉಜ್ಜುತ್ತಾ ಕೂತೆ. ಆ ತಿಂಗಳ ಕಾರ್ಡುಗಳೆಲ್ಲ ಸೋಮವಾರ ಮುಟ್ಟಿಸಿದರೆ ಕೆಲಸ ಕಾಯಂ ಮಾಡಲು ಬರೆಯುತ್ತೇನೆ ಎಂದು ಸಾಹೇಬರು ಹೇಳಿದ್ದರು. ಉಳಿದಿದ್ದು ಬೆಟ್ಟದ ಆ ಹೆಂಗಸಿನ ಹೊಲದ ಕಾರ್ಡು ಒಂದೇ. ಮಳವಳ್ಳಿಯ ಬಾಡಿಗೆ ಕೋಣೆಯ ಜಗಲಿಯ ಮೇಲೆ ಕೂತು, ಶುಕ್ರವಾರದ ಗುಂಡಿಯ ಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡು ಪದರ ಪದರವಾಗಿ ನಕಲು ಮಾಡಿದೆ. ಅನುಮಾನ ಬರದಿರಲೆಂದು ಅಲ್ಲಲ್ಲಿ ಒಂದೆರಡು ಅಂಗುಲ ಬದಲಿಸಿದೆ. ‘ನೆಲದ ಮೇಲೆ ಕಲ್ಲು’ ಎಂಬ ಕಡೆ ಬಂದಾಗ ಆ ಬಿಳಿ ಗುಡ್ಡೆಗಳು ಕಣ್ಣ ಮುಂದೆ ಬಂದವು. ‘ವಿಪರೀತ’ ಎಂದು ಬರೆದೆ.

ಹೆಣ್ಣು ಒಪ್ಪಿಗೆಯಾಯಿತು. ಹುಡುಗಿಯ ತಂದೆ ಕೇಳಿದ್ದು ಒಂದೇ ಮಾತು: “ಕೆಲಸ ಪರ್ಮನೆಂಟಾ?” ಇನ್ನೇನು ಆಗುತ್ತದೆ ಎಂದೆ.

ನಾಲ್ಕು ತಿಂಗಳಿಗೆ ಪಟ್ಟಿ ಹೊರಬಿತ್ತು. ಆ ವಿಧವೆಯ ಹೊಲ ಕಾಡಿಗೆ. ಅವಳು ಯಾರಿಂದಲೋ ಅರ್ಜಿ ಬರೆಸಿ ಹೆಬ್ಬೆಟ್ಟು ಒತ್ತಿ ಕಳಿಸಿದ್ದಳು: ನನ್ನ ಹೊಲದಲ್ಲಿ ಯಾರೂ ಗುಂಡಿಯನ್ನೇ ತೋಡಿಲ್ಲ ಎಂದು. ಸಾಹೇಬರು ನನ್ನನ್ನು ಕರೆದು ಅರ್ಜಿ ಮುಂದಿಟ್ಟರು.

“ತೋಡಿಲ್ಲವಂತೆ. ಹೌದೇನಯ್ಯಾ?”

“ತೋಡಿದ್ದೀವಿ ಸಾರ್. ಮುಚ್ಚಿದ ಮೇಲೆ ಅವರಿಗೆ ಗುರುತು ಸಿಕ್ಕಿಲ್ಲ.”

ಅವರು ಒಳ್ಳೆಯ ಮನುಷ್ಯ. ನನ್ನನ್ನು ನಂಬಿದರು. “ಹಾಗಾದರೆ ನೀನೇ ಹೋಗಿ ಅವಳ ಎದುರಿಗೇ ಇನ್ನೊಂದು ಹಾಕಿ ಬಾ. ಮಣ್ಣು ಚೆನ್ನಾಗಿದ್ದರೆ ತಿದ್ದಿಸೋಣ. ಹಾಗೇ ಇದ್ದರೆ ಅವಳ ಬಾಯಿ ಮುಚ್ಚುತ್ತೆ.”

ತಿದ್ದಿಸೋಣ ಎಂದರು. ಅಷ್ಟು ಸುಲಭವಿತ್ತು. ಆದರೆ ಎರಡನೆಯ ಗುಂಡಿಯಲ್ಲಿ ಒಳ್ಳೆಯ ಮಣ್ಣು ಬಂದರೆ ಮೊದಲನೆಯದು ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಕಾಯಂ ಆದೇಶ ಇನ್ನೂ ಕೈಗೆ ಬಂದಿರಲಿಲ್ಲ. ಮದುವೆಯ ಲಗ್ನಪತ್ರಿಕೆ ಆಗಿಹೋಗಿತ್ತು. ಬೆಟ್ಟ ಹತ್ತುವಾಗ ನಾನು ಯೋಚಿಸಿದ್ದು ಮಣ್ಣಿನ ವಿಚಾರವನ್ನಲ್ಲ, ಎಲ್ಲಿ ಗೂಟ ಹೊಡೆಯುವುದು ಎಂಬುದನ್ನು.

ಅವಳು ಹೊಲದ ನಡುವೆ ನಿಂತು ಕಾಯುತ್ತಿದ್ದಳು. ತೊಳೆದ ಸೀರೆ ಉಟ್ಟಿದ್ದಳು. ಗುಂಡಿ ತೋಡಲು ಅನುಕೂಲವಾಗಲೆಂದು ಅವರೆ ಗಿಡವನ್ನು ಒಂದು ಕಡೆ ಕಿತ್ತು ಜಾಗ ಮಾಡಿದ್ದಳು.

“ಇಲ್ಲಿ ತೋಡಪ್ಪ. ಇಲ್ ಬ್ಯಾಡ ಅಂದ್ರೆ ಅಲ್ಲಿ. ಎಲ್ ಬೇಕಾದ್ರೂ ತೋಡು.”

ನಾನು ಅಳತೆಯ ಸರಪಳಿ ಬಿಚ್ಚಿದೆ. ನಕ್ಷೆಯಲ್ಲಿರುವ ಗುರುತಿನಿಂದ ಇಷ್ಟು ದೂರಕ್ಕೇ ತೋಡಬೇಕು, ಸರ್ಕಾರದ ನಿಯಮ ಎಂದು ಹೇಳಿ, ಹೊಲದುದ್ದಕ್ಕೂ ಅಳೆಯುವ ಹಾಗೆ ಮಾಡಿ, ಅಂಚಿನ ದೊಡ್ಡ ಕಲ್ಲುಗುಡ್ಡೆಯ ಬುಡದಲ್ಲಿ ಗೂಟ ಹೊಡೆದೆ. ಅಲ್ಲಿ ಯಾರೂ ಕಲ್ಲು ಆಯ್ದಿರಲಿಲ್ಲ. ಆಯ್ದದ್ದನ್ನೆಲ್ಲ ಅಲ್ಲಿಗೇ ತಂದು ಸುರಿದಿದ್ದರು.

ಹಾರೆಯವನು ಗೂಟ ನೋಡಿದ, ನನ್ನ ಮುಖ ನೋಡಿದ. ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಯಾಕ್ಲಾ? ಬ್ಯಾಡ ಕಣ್ಲಾ” ಎಂದ.

“ತೋಡು.”

“ನಿಂಗೇನಾಗದೆ? ಇದು ತಿಪ್ಪೆ ಬಗ್ದು ಮನೆ ನೋಡ್ದೆ ಅಂದಂಗಾಯ್ತದೆ.”

“ತೋಡು ಅಂದ್ನಲ್ಲ.”

ತೋಡಿದ. ಆ ದಿನ ಅವನು ಒಂದೂ ತಮಾಷೆ ಮಾಡಲಿಲ್ಲ. ನಾನು ಇಳಿದೆ. ಗೋಡೆ ಕೆರೆದೆ, ಪದರ ಅಳೆದೆ, ಬಣ್ಣ ಹೋಲಿಸಿದೆ, ಜರಡಿ ಹಿಡಿದೆ, ಗರಸು ತೂಗಿದೆ. ಅಷ್ಟು ನಿಯತ್ತಾಗಿ ನಾನು ಯಾವ ಗುಂಡಿಯನ್ನೂ ಬರೆದಿರಲಿಲ್ಲ. ಆ ಕಾರ್ಡಿನ ಒಂದೊಂದು ಅಕ್ಷರವೂ ನಿಜ. ಈಗಲೂ ಯಾರಾದರೂ ಅದೇ ಜಾಗದಲ್ಲಿ ತೋಡಿದರೆ ನಾನು ಬರೆದದ್ದೇ ಸಿಗುತ್ತದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಇದು ಶುರು, ಆಮೇಲೆ ನಡುವೆ ತೋಡುತ್ತಾರೆ ಎಂದುಕೊಂಡು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ನಾನು ಮೇಲೆ ಬಂದು ಕಾರ್ಡು ಚೀಲಕ್ಕೆ ಹಾಕಿ, ಜರಡಿ ಕೊಡವಿದಾಗ ಎದ್ದು ನಿಂತಳು.

“ಆಯ್ತಾ?”

“ಆಯ್ತಮ್ಮ.”

“ಒಲ ಇಲ್ಲಿಲ್ಲ ಕಣಪ್ಪ. ಒಲ ಅಲ್ಲಿ ಅದೆ.”

ನಾನು ಸರಪಳಿ ಸುತ್ತುತ್ತಿದ್ದೆ. ತಲೆ ಎತ್ತಲಿಲ್ಲ. ಅವಳು ಕಿರುಚುತ್ತಾಳೆ, ಮಣ್ಣು ತೂರಿ ಶಾಪ ಹಾಕುತ್ತಾಳೆ ಎಂದು ಕಾದಿದ್ದೆ. ಹಾಗೇನೂ ಆಗಲಿಲ್ಲ. ಜರಡಿಯಿಂದ ಸುರಿದ ಗರಸಿನ ರಾಶಿಯಿಂದ ಒಂದು ಹಿಡಿ ತೆಗೆದುಕೊಂಡು ನೋಡಿದಳು.

“ನಮ್ಮತ್ತೆ ಕಣ್ ಕಾಣ್ದಂಗಾದ್ಮೇಲೂ ಕೈಯಾಡ್ಸಿ ಆಡ್ಸಿ ಆಯ್ತಿದ್ಲು ಕಣಪ್ಪ. ಅವ್ಳ್ ಆಯ್ದಿದ್ನೆಲ್ಲ ನನ್ ಮೇಲೇ ಬರ್ಕಂಡ್ಯಲ್ಲ.”

ಅಷ್ಟೇ ಹೇಳಿ ಹೊಲದೊಳಕ್ಕೆ ಹೋದಳು. ಹಾರೆಯವನು ಗುಂಡಿ ಮುಚ್ಚಿದ. ಇಳಿಯುವಾಗ ನನ್ನ ಜೊತೆ ಬರಲಿಲ್ಲ, ಬೇರೆ ದಾರಿ ಹಿಡಿದ. ಮುಂದಿನ ವಾರ ಕೆಲಸವನ್ನೇ ಬಿಟ್ಟ. ಅವನಿಗೆ ಮಾತು ಹೊರಗೆ ಹಾಕುವ ಅವಕಾಶವಿತ್ತು. ಹೇಳಿದ್ದರೂ ದಿನಗೂಲಿಯವನ ಮಾತು ಯಾರು ಕೇಳುತ್ತಿದ್ದರು? ನನಗೆ ಅದು ಗೊತ್ತಿತ್ತು, ಆ ಧೈರ್ಯದ ಮೇಲೆಯೇ ಅವನಿಂದ ತೋಡಿಸಿದ್ದು.

ಕಾಯಂ ಆಯಿತು. ಮದುವೆ ಆಯಿತು. ಆ ಬೇಸಿಗೆಯಲ್ಲೇ ಅವಳನ್ನು ಹೊಲದಿಂದ ಎಬ್ಬಿಸಿ, ಕಂದಕ ಹೊಡೆದು, ಮಳೆ ಬಿದ್ದ ಮೇಲೆ ನೀಲಗಿರಿ ನೆಟ್ಟರು ಎಂದು ಕೇಳಿದೆ. ಸಸಿ ನೆಟ್ಟ ಕೂಲಿಯವರು, ಅಲ್ಲೊಂದು ಜಾಗದಲ್ಲಿ ಮಾತ್ರ ಗುದ್ದಲಿ ಬೆಣ್ಣೆಗೆ ಹಾಕಿದ ಹಾಗೆ ಇಳಿಯಿತು ಎಂದು ಮಳವಳ್ಳಿಯ ಹೋಟೆಲಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ನಾನು ಪಕ್ಕದ ಬೆಂಚಿನಲ್ಲಿ ಇಡ್ಲಿ ತಿನ್ನುತ್ತಿದ್ದೆ.

ಎರಡು ವರ್ಷದ ಮೇಲೆ ನಮ್ಮ ಸರ್ವೆ ಹನಕೆರೆಯ ಕಡೆ ನಾಲೆ ಬಯಲಿಗೆ ಬಂತು. ಕಬ್ಬಿನ ಗದ್ದೆಯೊಂದರಲ್ಲಿ ಕಳೆ ಕೀಳುತ್ತಿದ್ದ ಹೆಂಗಸರ ಸಾಲಿನಿಂದ ಒಬ್ಬಳು ನೆಟ್ಟಗಾಗಿ ನನ್ನನ್ನೇ ನೋಡಿದಳು. ಸೊರಗಿದ್ದಳು, ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವಳಿಗೆ ಬೇಕಾಗಿರಲಿಲ್ಲ.

“ಇಲ್ಗೂ ಬಂದ್ಯಾ? ತೋಡ್ಕೊ ತೋಡ್ಕೊ. ಇದು ನನ್ನೊಲ ಅಲ್ಲ.”

ಮಿಕ್ಕ ಹೆಂಗಸರು ಏನೆಂದು ತಿಳಿಯದೆ ನಕ್ಕರು. ನಾನು ಬದುವಿನ ಮೇಲೆ ಹತ್ತಿರ ಹೋಗಿ, ತಪ್ಪಾಯಿತು ಎಂದೆ. ಮೊದಲ ಗುಂಡಿ ತೋಡಲೇ ಇಲ್ಲ, ಎರಡನೆಯದನ್ನು ಬೇಕೆಂದೇ ಅಲ್ಲಿ ತೋಡಿಸಿದೆ ಎಂದೆ.

“ನಂಗ್ಯಾಕ್ ಏಳ್ತೀಯ? ನಂಗೊತ್ತಿಲ್ವಾ? ಅಲ್ಲೋಗ್ ಏಳು, ನಿಮ್ಮ್ ಸಾಯೇಬ್ರಿಗೆ. ಇನ್ನೂ ಎಳೇ ಗಿಡ ಅವೆ, ಕಿತ್ತಾಕ್ಬೋದು. ಓಗು.”

ಸೋಮವಾರ ಕಚೇರಿಗೆ ಹೋದೆ. ಹೇಳಲೇಬೇಕು ಎಂದೇ ಹೋಗಿದ್ದೆ. ಮಾತುಗಳನ್ನು ಬಸ್ಸಿನಲ್ಲಿ ಹೊಂದಿಸಿಕೊಂಡಿದ್ದೆ. ಸಾಹೇಬರು ಫೈಲಿನಿಂದ ತಲೆ ಎತ್ತಿ, “ಏನಪ್ಪಾ?” ಎಂದರು.

“ಎರಡು ದಿನ ರಜೆ ಬೇಕಿತ್ತು ಸಾರ್” ಎಂದೆ.

ಕೊಟ್ಟರು. ಬೇಡದ ರಜೆ, ಮನೆಯಲ್ಲಿ ಕೂತೆ. ಹೆಂಡತಿ, ಜ್ವರವೇನು ಎಂದು ಹಣೆ ಮುಟ್ಟಿ ನೋಡಿದಳು. ಹೌದು ಎಂದೆ. ಅವಳು ಗಂಜಿ ಕಾಯಿಸಲು ಒಳಗೆ ಹೋದಳು.